ಇಳಿಸಿಕೊಂಡ ಕಡತದ ಅರಗಿನ ಮುದ್ರೆ ನೋಡಿದಿರಾ?



ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಅಲ್ಲಿಂದೀಚೆಗೆ ನಮ್ಮ ಕೂಟದ ಊಟದ ಸಾಲಿನಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತಿದೆ: "ಊರಲ್ಲಿ ಅಪ್ಪನ ಹತ್ತಿರ ಇರೋ ಹಳೇ ಲ್ಯಾಪ್‌ಟಾಪ್‌ಗೆ ಏನು ಮಾಡೋದು?" ವಿಂಡೋಸ್ 11 ಅದಕ್ಕೆ ಒಗ್ಗುವುದಿಲ್ಲ. ಹೊಸದನ್ನು ಕೊಡಿಸುತ್ತೇವೆಂದರೆ ಅಪ್ಪ ಒಪ್ಪುವುದಿಲ್ಲ. ಹಾಗಾಗಿ ಹಲವರು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಕಡೆಗೆ ವಾಲುತ್ತಿದ್ದಾರೆ. ಒಳ್ಳೆಯದೇ. ಆದರೆ ಸುಮಾರು ಮೂರು ಜಿಬಿಯ ಆ ಕಡತ ಅಸಲಿಯೇ ಎಂದು ಕೇಳುವವರು ಕಡಿಮೆ. ಅಪ್ಪನ ಪಿಂಚಣಿ, ಬ್ಯಾಂಕಿನ ಗುಪ್ತಪದ, ನಮ್ಮದೇ ಎನ್‌ಆರ್‌ಇ ಖಾತೆ, ಎಲ್ಲವೂ ಅದೇ ಗಣಕದ ಮೂಲಕ ಹಾದುಹೋಗುವಂಥವು.

ಹಿಂದೆ ಊರಿನಿಂದ ಅಮ್ಮ ಚಟ್ನಿಪುಡಿ ಕಳಿಸುವಾಗ ಡಬ್ಬಕ್ಕೆ ಬಟ್ಟೆ ಹೊಲಿದು, ಹೊಲಿಗೆಯ ಮೇಲೆ ಅರಗಿನ ಮುದ್ರೆ ಒತ್ತಿಸುತ್ತಿದ್ದದ್ದು ನೆನಪಿದೆಯಲ್ಲವೇ? ಮುದ್ರೆ ಒಡೆದಿದ್ದರೆ ದಾರಿಯಲ್ಲಿ ಯಾರೋ ಕೈ ಹಾಕಿದ್ದಾರೆ ಎಂದರ್ಥ. ತಂತ್ರಾಂಶ ಲೋಕದಲ್ಲಿ ಆ ಕೆಲಸ ಮಾಡುವುದು ಚೆಕ್‌ಸಮ್. ಕಡತವನ್ನು ಒಂದು ಗಣಿತಸೂತ್ರಕ್ಕೆ ಕೊಟ್ಟರೆ ಚಿಕ್ಕದೊಂದು ಸಾಲು ಹೊರಬರುತ್ತದೆ. ಎಸ್‌ಎಚ್‌ಎ-256 ಪದ್ಧತಿಯಲ್ಲಾದರೆ 64 ಅಕ್ಷರ, ಅಂಕಿಗಳ ಸಾಲು. ಮೂರು ಜಿಬಿಯಲ್ಲಿ ಒಂದೇ ಒಂದು ಬಿಟ್ ಬದಲಾದರೂ ಇಡೀ ಸಾಲು ಗುರುತೇ ಸಿಗದಷ್ಟು ಬೇರೆಯಾಗುತ್ತದೆ. ತಯಾರಕರು ಪ್ರಕಟಿಸಿದ ಸಾಲಿಗೂ ನಿಮ್ಮ ಗಣಕ ಲೆಕ್ಕ ಹಾಕಿದ ಸಾಲಿಗೂ ತಾಳೆಯಾದರೆ ಸರಿ.

ಇಷ್ಟೇ ಆಗಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. 2016ರ ಫೆಬ್ರವರಿ 20ರಂದು ಇದೇ ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೆ ಕಳ್ಳರು ನುಗ್ಗಿದರು. 17.3 ಸಿನಮನ್ ಆವೃತ್ತಿಯ ಕೊಂಡಿಯನ್ನು ತಿರುಚಿ, ಸುನಾಮಿ ಎಂಬ ಹಿಂಬಾಗಿಲು ಸೇರಿಸಿದ ಕಡತ ಇಳಿಯುವಂತೆ ಮಾಡಿದರು. ಯೋಜನೆಯ ಮುಖ್ಯಸ್ಥ ಕ್ಲೆಮೆಂಟ್ ಲೆಫೆಬ್ರ್ ಅವರು ಮುಚ್ಚುಮರೆಯಿಲ್ಲದೆ ಇದನ್ನು ಪ್ರಕಟಿಸಿ, ಅಸಲಿ ಕಡತಗಳ ಚೆಕ್‌ಸಮ್‌ಗಳನ್ನೂ ಕೊಟ್ಟರು. ಕಳ್ಳನೆಂದು ಹೇಳಿಕೊಂಡವನು ಝಡ್‌ಡಿನೆಟ್‌ಗೆ ತಿಳಿಸಿದ ಪ್ರಕಾರ, ಪುಟದಲ್ಲಿದ್ದ ಚೆಕ್‌ಸಮ್ಮನ್ನೂ ತನ್ನ ಕಡತಕ್ಕೆ ಹೊಂದುವಂತೆ ಅವನು ಬದಲಿಸಿದ್ದ. ಅದನ್ನೆಲ್ಲ ಯಾರು ನೋಡುತ್ತಾರೆ ಎಂದು ಬೈಗುಳ ಸೇರಿಸಿ ಗೇಲಿಯನ್ನೂ ಮಾಡಿದ. ಡಬ್ಬವೂ ಅರಗಿನ ಮೊಹರೂ ಒಂದೇ ಕಪಾಟಿನಲ್ಲಿದ್ದರೆ ಕಪಾಟು ಒಡೆದವನಿಗೆ ಎರಡೂ ಸಿಗುತ್ತವೆ!

ಅದಕ್ಕೇ ಡಿಜಿಟಲ್ ಸಹಿ. ತಯಾರಕರು ತಮ್ಮ ಬಳಿ ಮಾತ್ರ ಇರುವ ಗುಪ್ತ ಕೀಲಿಯಿಂದ ಚೆಕ್‌ಸಮ್ ಪಟ್ಟಿಗೆ ಸಹಿ ಹಾಕುತ್ತಾರೆ. ಜಾಲತಾಣ ಒಡೆದವನಿಗೆ ಪಟ್ಟಿ ತಿದ್ದಲು ಬರಬಹುದು, ಸಹಿ ಹಾಕಲು ಬರುವುದಿಲ್ಲ. ಮಿಂಟ್ ಈಗ ಎಸ್‌ಎಚ್‌ಎ-256 ಪಟ್ಟಿ, ಅದರ ಸಹಿ ಎರಡನ್ನೂ ಕೊಡುತ್ತದೆ. ಹಳೆಯ ಎಂಡಿ5 ಪದ್ಧತಿಯನ್ನು ಮಾತ್ರ ನಂಬಿ ಕೂರಬೇಡಿ. ಬೇರೆ ಬೇರೆ ದತ್ತಾಂಶಕ್ಕೆ ಒಂದೇ ಎಂಡಿ5 ಸಾಲು ಬರುವಂತೆ ಮಾಡಬಹುದೆಂದು ಚೀನಾದ ವಾಂಗ್ ಷಿಯಾವ್‌ಯುನ್ ಮತ್ತು ಸಂಗಡಿಗರು 2004ರಲ್ಲೇ ತೋರಿಸಿದ್ದಾರೆ. ಎಸ್‌ಎಚ್‌ಎ-1 ಕೂಡ 2017ರಲ್ಲಿ ಅದೇ ದಾರಿ ಹಿಡಿಯಿತು.

ಸಹಿಯೂ ಸಾಲದ ಸಂದರ್ಭವಿದೆ. ಎಕ್ಸ್‌ಝಡ್ ಯುಟಿಲ್ಸ್ ಎಂಬ ಪುಟ್ಟ ಉಪಕರಣವನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಜಿಯಾ ಟಾನ್ ಎಂಬ ಹೆಸರಿನ ವ್ಯಕ್ತಿ ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿದು ನಂಬಿಕೆ ಗಳಿಸಿ, 2024ರಲ್ಲಿ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಹುದುಗಿಸಿದ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. ಚೆಕ್‌ಸಮ್ ಸರಿಯಾಗಿಯೇ ತಾಳೆಯಾಗುತ್ತಿತ್ತು. ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿದ ಆಂಡ್ರೆಸ್ ಫ್ರಾಯ್ಂಡ್ ಎಂಬ ಇಂಜಿನಿಯರರ ಹಟದಿಂದ ಮಾರ್ಚ್ 29ರಂದು ಅದು ಬಯಲಾಯಿತು. ಹೀಗಾಗಿ ಚೆಕ್‌ಸಮ್ ಹೇಳುವುದು "ಕಳಿಸಿದ್ದೇ ಬಂದಿದೆ" ಎಂದು ಮಾತ್ರ. ಕಳಿಸಿದವನ ಮನಸ್ಸು ಹೇಗಿದೆ ಎಂಬುದನ್ನು ಅದು ಹೇಳಲಾರದು.

ಕನ್ನಡಿಗರಾದ ನಾವೂ ಇಲ್ಲಿ ಸಾಚಾಗಳಲ್ಲ. ಹೊಸ ಗಣಕ ತಂದ ದಿನ ನುಡಿ, ಬರಹಗಳನ್ನು ಹುಡುಕಿ, ಮೊದಲು ಕಂಡ ಯಾವುದೋ ತಾಣದಿಂದ ಇಳಿಸಿಕೊಂಡವರು ನಮ್ಮಲ್ಲೇ ಎಷ್ಟು ಜನ! ನಾನೂ ಒಬ್ಬ. ಮೂಲ ತಾಣಕ್ಕೇ ಹೋಗುವುದು ಮೊದಲ ಹೆಜ್ಜೆ, ತಾಳೆ ನೋಡುವುದು ಆಮೇಲಿನದು. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್, ಮ್ಯಾಕ್‌ನಲ್ಲಿ ಶಾಸಮ್, ಲಿನಕ್ಸ್‌ನಲ್ಲಿ ಶಾ256ಸಮ್ ಎಂಬ ಆಜ್ಞೆಗಳು ಮೊದಲೇ ಇರುತ್ತವೆ, ಬೇರೇನೂ ಕೊಳ್ಳಬೇಕಿಲ್ಲ.

ಮೈಸೂರಿನ ನಮ್ಮ ಮಾವನವರಿಗೆ ಇದನ್ನೆಲ್ಲ ವಾಟ್ಸಾಪ್‌ನಲ್ಲಿ ವಿವರಿಸಿದೆ. ಅವರು ಕನ್ನಡಕ ಏರಿಸಿ ಓದತೊಡಗಿದರು, ಮೊದಲ ಅಕ್ಷರವೇ ಕೂಡಲಿಲ್ಲ. ಎದೆ ಧಸಕ್ಕೆಂದಿತು. ನೋಡಿದರೆ ಕರೆಂಟು ಹೋಗಿ ಕಡತ ಅರ್ಧಕ್ಕೇ ನಿಂತಿತ್ತು. ತಾಳೆ ತಪ್ಪುವುದಕ್ಕೆ ಕಳ್ಳರಿಗಿಂತ ಇಂಥ ಕಾರಣಗಳೇ ಹೆಚ್ಚು. ಮರುದಿನ ಮತ್ತೆ ಇಳಿಸಿ, 64ನ್ನೂ ಒಂದೊಂದಾಗಿ ಓದಿದರು. ಎಲ್ಲ ಕೂಡಿತು. "ಇದಕ್ಕಿಂತ ವಿಷ್ಣು ಸಹಸ್ರನಾಮ ಸುಲಭ ಕಣಪ್ಪಾ" ಎಂದು ಕಾಫಿಗೆ ಎದ್ದರು.