ನಾಲೆ ಏರಿಗೆ ಡಾಂಬರು ಬೇಡ



ನಮ್ಮೂರ ಪಕ್ಕ ಹಾದುಹೋಗುವ ವಿ.ಸಿ. ನಾಲೆಯ ಏರಿಗೆ ಡಾಂಬರು ಹಾಕಿಸಬೇಕು ಅಂತ ಈಗ ಅರಳಿಕಟ್ಟೆಯಲ್ಲೂ ಡೇರಿ ಮುಂದೆಯೂ ಮಾತು ನಡೆಯುತ್ತಿದೆ. ಹಾಕಿಸಬಾರದು ಎಂಬುದು ನನ್ನ ಅಭಿಪ್ರಾಯ. ಗುಂಡಿ ಮುಚ್ಚಲಿ, ಜಲ್ಲಿಮಣ್ಣು ಹಾಸಿ ರೋಲರ್ ಹೊಡೆಸಲಿ, ನಾಲೆ ಕಡೆಗೆ ತಡೆಗೋಡೆ ಕಟ್ಟಿಸಲಿ. ಇಷ್ಟು ಸಾಕು. ಯಾಕೆ ಅಂತ ಕೆಳಗೆ ಬರೆದಿದ್ದೇನೆ. ಪೂರ್ತಿ ಓದಿ, ಆಮೇಲೆ ಬೇಕಾದರೆ ಬೈಯಿರಿ.

ನಮ್ಮ ಹೈಸ್ಕೂಲಿಗೆ ಸುತ್ತಲ ಹಳ್ಳಿಗಳಿಂದ ಎಷ್ಟೊಂದು ಜನ ಸೈಕಲ್ಲಿನಲ್ಲಿ ಬರುತ್ತಾರೆ. ಬರೋಕೆ ದಾರಿ ಎರಡು. ಒಂದು ಟಾರು ರೋಡು, ಇನ್ನೊಂದು ನಾಲೆ ಏರಿ. ಟಾರು ರೋಡಿನಲ್ಲಿ ಎಂ ಸ್ಯಾಂಡ್ ಟಿಪ್ಪರ್, ಕಬ್ಬಿನ ಲಾರಿ, ಬಸ್ಸು ಎಲ್ಲ ಒಂದರ ಹಿಂದೆ ಒಂದು. ಟಿಪ್ಪರ್ ಪಕ್ಕದಲ್ಲಿ ಹೋದರೆ ಅದರ ಗಾಳಿಗೇ ಸೈಕಲ್ ಹ್ಯಾಂಡಲ್ ಅಲ್ಲಾಡುತ್ತದೆ. ನಮ್ಮ ತರಗತಿಯ ಒಬ್ಬಳ ಅಮ್ಮ ಹೇಳಿದ ಮಾತು ಇದು: “ಏರಿ ಮೇಲೆ ಹೋಗದಾದ್ರೆ ಹೋಗು ಮಗ, ಟಾರು ರೋಡಲ್ಲಾದ್ರೆ ಸ್ಕೂಲೇ ಬ್ಯಾಡ.” ಅಂದರೆ ಏರಿ ಹೋದರೆ ಆಕೆಯ ಓದೂ ಹೋದ ಹಾಗೆ. ೨೦೦೬-೦೭ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರು ಮಾಡಿತು. ಕೊರೊನಾ ಬಂದ ಕಾಲಕ್ಕೆ ಅದು ನಿಂತಿತು. ಅಕ್ಕಂದಿರಿಗೆ ಸಿಕ್ಕಿದ ಆ ಸೈಕಲ್ಲುಗಳನ್ನೇ ರಿಪೇರಿ ಮಾಡಿಸಿಕೊಂಡು ತಂಗಿಯರು ತುಳಿಯುತ್ತಿದ್ದಾರೆ. ಸೈಕಲ್ ಹೇಗೋ ಉಳಿಯಿತು, ಅದು ಓಡಾಡುವ ದಾರಿಯೂ ಉಳಿಯಬೇಕಲ್ಲವೇ?

ಏರಿ ಮೇಲೆ ಸೈಕಲ್ ತುಳಿದರೆ ಯಾಕೆ ಸುಸ್ತಾಗುವುದಿಲ್ಲ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು ೧೯೧೧ರಲ್ಲಿ. ಮುಂದೆ ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ ಈ ನಾಲೆ ತೋಡಿಸಿದರು. ಮೊದಲು ಇದಕ್ಕೆ ವೈಸರಾಯ್ ಇರ್ವಿನ್ ಹೆಸರಿತ್ತು, ಆಮೇಲೆ ವಿಶ್ವೇಶ್ವರಯ್ಯನವರ ಹೆಸರು ಬಂತು. ಪಂಪು ಮೋಟರು ಏನೂ ಇಲ್ಲದೆ ನೀರು ತಾನಾಗಿಯೇ ಮಂಡ್ಯದ ಕಡೆಗೆ ಹರಿಯಬೇಕಿತ್ತು. ಅದಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರು ಕೊಟ್ಟು, ದಿಣ್ಣೆ ಸಿಕ್ಕಿದ ಕಡೆ ಸುತ್ತು ಹಾಕಿ, ಹುಲಿಕೆರೆ ಹತ್ತಿರ ಗುಡ್ಡವೇ ಅಡ್ಡ ಬಂದಾಗ ಸುರಂಗ ಕೊರೆದು ನಾಲೆ ತಂದರು. ನಾಲೆ ಸಮವಾಗಿರುವುದರಿಂದ ಪಕ್ಕದ ಏರಿಯೂ ಸಮವಾಗಿದೆ. ಇಂಥ ದಾರಿಯನ್ನು ಈಗ ಹೊಸದಾಗಿ ಮಾಡಿಸಬೇಕು ಅಂದರೆ ಎಷ್ಟು ಕೋಟಿ ಬೇಕೋ! ನಮಗೆ ಅದು ಹಿರಿಯರಿಂದ ಪುಕ್ಕಟೆ ಬಂದಿದೆ. ಮೇಲೆ ಹೊಂಗೆ ಮರದ ನೆರಳು ಬೇರೆ.

ಭಾನುವಾರ ಬೆಂಗಳೂರು, ಮೈಸೂರಿನಿಂದ ಹೆಲ್ಮೆಟ್ ಹಾಕಿಕೊಂಡು ಸೈಕಲ್ಲಿನವರು ಬರುವುದನ್ನು ನೀವೂ ನೋಡಿದ್ದೀರಿ. ಅವರು ಶ್ರೀರಂಗಪಟ್ಟಣದ ಹೊಳೆ ದಂಡೆ, ಕರಿಘಟ್ಟದ ಬುಡ, ಆಮೇಲೆ ನಾಲೆ ಏರಿ ಹೀಗೆ ಗಾಡಿ ಇಲ್ಲದ ದಾರಿಗಳನ್ನೇ ಹುಡುಕಿಕೊಂಡು ಬರುತ್ತಾರೆ. ಅವರ ಸೈಕಲ್ಲಿಗೆ ‘ಗ್ರಾವೆಲ್ ಬೈಕ್’ ಅಂತ ಹೆಸರು. ಗ್ರಾವೆಲ್ ಅಂದರೆ ಜಲ್ಲಿ. ರೇಸ್ ಸೈಕಲ್ಲಿನ ಹಾಗೆ ಬಾಗಿದ ಹ್ಯಾಂಡಲ್, ಆದರೆ ಟೈರು ದಪ್ಪ, ಸುಮಾರು ೪೦ ಮಿಲಿಮೀಟರ್. ನಮ್ಮ ತಾತಂದಿರ ಕರೀ ಸೈಕಲ್ಲಿನ ಟೈರು ಎಷ್ಟು ದಪ್ಪ ಗೊತ್ತೇ? ಟೈರಿನ ಮೇಲೇ ಬರೆದಿರುತ್ತದೆ, ಒಂದೂವರೆ ಇಂಚು. ಲೆಕ್ಕ ಹಾಕಿ ನೋಡಿ, ೩೮ ಮಿಲಿಮೀಟರ್ ಆಗುತ್ತದೆ! ಹಾಲಿನ ಕ್ಯಾನು, ಹುಲ್ಲಿನ ಹೊರೆ ಕಟ್ಟಿಕೊಂಡು ಏರಿ ಮೇಲೆ ಹೋಗುತ್ತಿದ್ದ ನಮ್ಮವರೆಲ್ಲ ಆ ಹೆಸರು ಹುಟ್ಟುವ ಮೊದಲೇ ಗ್ರಾವೆಲ್ ಬೈಕ್ ತುಳಿದವರು. ಬೇರೆ ದೇಶದವರೂ ಇಂಥ ದಾರಿಗಳನ್ನು ಬಿಟ್ಟುಕೊಟ್ಟಿಲ್ಲ. ಯುರೋಪಿನ ಡ್ಯಾನ್ಯೂಬ್ ನದಿಯ ದಂಡೆಯಲ್ಲಿ ಹಿಂದೆ ಕುದುರೆಗಳು ದೋಣಿ ಎಳೆದುಕೊಂಡು ಹೋಗುತ್ತಿದ್ದ ದಾರಿಗಳ ಮೇಲೆ ಈಗ ಸೈಕಲ್ ಓಡುತ್ತವೆ. ಜರ್ಮನಿಯ ಪಾಸೌನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ ಹಾಗೆಯೇ ಹೋಗಬಹುದು.

“ಡಾಂಬರು ಹಾಕಿದ್ರೆ ನಿಮ್ಗೇ ಒಳ್ಳೇದಲ್ವೇನೋ, ಸೈಕಲ್ ಸಲೀಸಾಗಿ ಓಡ್ತದೆ” ಅಂತ ಕೆಲವರು ಹೇಳುತ್ತಾರೆ. ಸೈಕಲ್ ಸಲೀಸಾಗಿ ಓಡುತ್ತದೆ, ನಿಜ. ಅದರ ಜೊತೆಗೆ ಕಾರೂ ಟಿಪ್ಪರ್ರೂ ಸಲೀಸಾಗಿ ಓಡುತ್ತವೆ. ಜಲ್ಲಿಮಣ್ಣಿನ ಮೇಲೆ ಗಾಡಿಯವರು ನಿಧಾನಕ್ಕೆ ಹೋಗಲೇಬೇಕು, ಟಾರಿನ ಮೇಲೆ ಯಾರೂ ನಿಧಾನಕ್ಕೆ ಹೋಗುವುದಿಲ್ಲ. ೨೦೧೮ರ ನವೆಂಬರ್ ೨೪, ಶನಿವಾರ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ಇದೇ ವಿ.ಸಿ. ನಾಲೆಗೆ ಬಿತ್ತು. ೩೦ ಜನ ತೀರಿಕೊಂಡರು. ಅವರಲ್ಲಿ ಶಾಲೆಯಿಂದ ಮನೆಗೆ ಹೋಗುತ್ತಿದ್ದ ಮಕ್ಕಳೂ ಇದ್ದರು. ೨೦೨೩ರಲ್ಲಿ ಕಾರುಗಳು ಬಿದ್ದು ಮತ್ತೆ ಜೀವ ಹೋದವು. ನಾಲೆ ತುಂಬಿ ಹರಿಯುವಾಗ ಈಜು ಬರುವವರಿಗೂ ದಡ ಹತ್ತುವುದು ಕಷ್ಟ, ಕೈಗೆ ಹಿಡಿಯಲು ಏನೂ ಸಿಗುವುದಿಲ್ಲ. ಇಷ್ಟೆಲ್ಲ ನೋಡಿದ ಮೇಲೂ ಮೊದಲು ಡಾಂಬರು, ಆಮೇಲೆ ತಡೆಗೋಡೆ ಅನ್ನುವುದು ಯಾವ ನ್ಯಾಯ?

ಇನ್ನೊಂದು ವಿಷಯ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ ವೇ ೨೦೨೩ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಅದೇ ವರ್ಷ ಆಗಸ್ಟ್ ೧ರಿಂದ ಅದರ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್, ಸೈಕಲ್ ಹೋಗಬಾರದು ಅಂತ ಆಯಿತು. ವೇಗದ ಗಾಡಿಗಳ ನಡುವೆ ನಿಧಾನದ ಗಾಡಿ ಅಪಾಯ ಅಂತ ಕಾರಣ ಕೊಟ್ಟರು. ಆ ಕಾರಣವನ್ನು ನಾನು ಒಪ್ಪುತ್ತೇನೆ. ಹಾಗಾದರೆ ನಿಧಾನದವರ ದಾರಿಗೆ ವೇಗದ ಗಾಡಿ ಬರುವುದೂ ಅಪಾಯವೇ ಅಲ್ಲವೇ? ನ್ಯಾಯ ಅಂದ ಮೇಲೆ ಎರಡು ಕಡೆಗೂ ಒಂದೇ ಇರಬೇಕು.

ರೈತರ ಕಷ್ಟ ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ, ನಮ್ಮದೂ ಕಬ್ಬಿನ ಗದ್ದೆ ಇರುವ ಮನೆಯೇ. “ಅಲ್ಲ ಕಣ್ ಮಗ, ಏರಿ ಮ್ಯಾಲೆ ಗಾಡಿ ಬುಡ್ದಿದ್ರೆ ಕಬ್ಬು ತಲೆ ಮ್ಯಾಲೆ ಹೊರಾಕಾಯ್ತದಾ?” ಅಂತ ನಮ್ಮ ದೊಡ್ಡಪ್ಪನೇ ಕೇಳಿದರು. ಅವರ ಮಾತು ಸರಿ. ಗದ್ದೆಗೆ ಹೋಗುವ ಎತ್ತಿನ ಗಾಡಿ, ಟ್ರ್ಯಾಕ್ಟರ್, ನೀರುಗಂಟಿಯವರ ಬೈಕು, ನಾಲೆ ರಿಪೇರಿ ಗಾಡಿ ಇವನ್ನೆಲ್ಲ ತಡೆಯಬೇಕು ಅಂತ ನಾನು ಹೇಳುತ್ತಿಲ್ಲ. ಈ ಊರಿಗೂ ಈ ಗದ್ದೆಗೂ ಸಂಬಂಧವೇ ಇಲ್ಲದೆ ಅಡ್ಡದಾರಿ ಅಂತ ನುಗ್ಗುವ ಟಿಪ್ಪರ್, ಕಾರುಗಳು ಬೇಡ ಅನ್ನುತ್ತಿದ್ದೇನೆ. ಅದೂ ಆಗುವುದಿಲ್ಲ ಅನ್ನುವವರು ಬಂಡೀಪುರದ ಕಡೆ ನೋಡಲಿ. ಅಲ್ಲಿ ಕಾಡಿನೊಳಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯನ್ನೇ ೨೦೦೯ರಿಂದ ರಾತ್ರಿ ೯ರಿಂದ ಬೆಳಿಗ್ಗೆ ೬ರವರೆಗೆ ಮುಚ್ಚುತ್ತಾರೆ. ತುರ್ತು ಗಾಡಿ, ಕೆಲವು ಬಸ್ಸು ಮಾತ್ರ ಬಿಡುತ್ತಾರೆ. ಆನೆ, ಜಿಂಕೆಗಾಗಿ ಒಂದು ಹೆದ್ದಾರಿಯನ್ನು ದಿನಕ್ಕೆ ಒಂಬತ್ತು ಗಂಟೆ ಮುಚ್ಚಬಹುದಾದರೆ, ಮಕ್ಕಳಿಗಾಗಿ ಒಂದು ಏರಿಯನ್ನು ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಗಂಟೆ ಮುಚ್ಚಲು ಆಗದೇ?

ಆದ್ದರಿಂದ ನಾನು ಕೇಳುವುದು ಇಷ್ಟು:

೧. ಏರಿಗೆ ಡಾಂಬರಿನ ಬದಲು ಜಲ್ಲಿಮಣ್ಣು ಹಾಸಿ, ಮಳೆಗಾಲ ಮುಗಿದ ಮೇಲೆ ಪ್ರತಿವರ್ಷ ಗುಂಡಿ ಮುಚ್ಚಬೇಕು.

೨. ತಿರುವುಗಳಲ್ಲಿ ಮೊದಲು, ಉಳಿದ ಕಡೆ ಆಮೇಲೆ, ತಡೆಗೋಡೆ ಕಟ್ಟಬೇಕು. ಅಲ್ಲಲ್ಲಿ ನೀರಿನಿಂದ ಮೇಲೆ ಹತ್ತಲು ಮೆಟ್ಟಿಲು ಬೇಕು.

೩. ಏರಿಯ ಎರಡೂ ತುದಿಯಲ್ಲಿ ಟಿಪ್ಪರ್ ನುಗ್ಗದ ಹಾಗೆ ಗೇಟು ಇರಬೇಕು. ಕಬ್ಬಿನ ಕಾಲದಲ್ಲಿ ರೈತರ ಗಾಡಿಗೆ ಅದನ್ನು ತೆಗೆಯಲಿ. ಶಾಲೆಯ ಹೊತ್ತಿನಲ್ಲಿ ಮಾತ್ರ ಹಾಕಿರಲಿ.

೪. ಏರಿ ಅಗಲ ಮಾಡುತ್ತೇವೆ ಅಂತ ಹೊಂಗೆ ಮರ ಕಡಿಯಬಾರದು.

ನಮ್ಮ ಕಡೆಯಿಂದಲೂ ಕೆಲವು ನಿಯಮ ಬೇಕು. ಇಬ್ಬರು ಮೂವರು ಸಾಲಾಗಿ ಹೆಗಲಿಗೆ ಕೈ ಹಾಕಿಕೊಂಡು ಸೈಕಲ್ ಬಿಡುವುದನ್ನು ನಿಲ್ಲಿಸೋಣ. ಒಬ್ಬರ ಹಿಂದೆ ಒಬ್ಬರು, ನಾಲೆ ಕಡೆ ಬಿಟ್ಟು ಗದ್ದೆ ಕಡೆಗೇ ಹೋಗೋಣ. ಬೈಗಾದ ಮೇಲೆ ಒಬ್ಬೊಬ್ಬರೇ ಹೋಗುವುದು ಬೇಡ, ಕಬ್ಬಿನ ಗದ್ದೆಗಳಲ್ಲಿ ಚಿರತೆ ಬರುವುದು ನಮ್ಮ ಜಿಲ್ಲೆಯಲ್ಲಿ ಹೊಸದಲ್ಲ.

ಏರಿ ಕಾವೇರಿ ನೀರಾವರಿ ನಿಗಮಕ್ಕೆ ಸೇರಿದ್ದು, ಪಂಚಾಯ್ತಿಯೊಂದೇ ತೀರ್ಮಾನ ಮಾಡಲು ಆಗುವುದಿಲ್ಲ. ಆದರೆ ಪಂಚಾಯ್ತಿ ನಿರ್ಣಯ ಮಾಡಿ ನಿಗಮಕ್ಕೆ ಕಳಿಸಬಹುದು. ಮಕ್ಕಳ ಗ್ರಾಮಸಭೆ ಇರುವುದೇ ನಾವು ಮಾತಾಡಲಿ ಅಂತ. ಅಲ್ಲಿ ಪ್ರತಿ ವರ್ಷ ಹಾಡು ಹೇಳಿ, ಬಿಸ್ಕತ್ತು ತಿಂದು ಎದ್ದು ಬಂದರೆ ಏನು ಬಂತು? ಈ ಸಲ ಈ ನಾಲ್ಕು ಬೇಡಿಕೆ ಬರೆದುಕೊಂಡು ಹೋಗೋಣ. ಈ ಪತ್ರಿಕೆಯ ಪಕ್ಕದಲ್ಲೇ ಒಂದು ಬಿಳಿ ಹಾಳೆ ಅಂಟಿಸಿದ್ದೇನೆ. ಒಪ್ಪುವವರು ಹೆಸರು, ತರಗತಿ ಬರೆದು ಸಹಿ ಮಾಡಿ. ಸಮಾಜ ಮೇಷ್ಟ್ರು ಅರ್ಜಿಯನ್ನು ತಿದ್ದಿಕೊಡಬೇಕು ಅಂತ ವಿನಂತಿ. ಒಪ್ಪದವರು ಸುಮ್ಮನಿರಬೇಡಿ, ಮುಂದಿನ ಸಂಚಿಕೆಗೆ ಉತ್ತರ ಬರೆಯಿರಿ. ನಾನು ಓದುತ್ತೇನೆ.

ಇಂತಿ ನಿಮ್ಮ ಸಹಪಾಠಿ,
ಹತ್ತನೇ ತರಗತಿ