ಮರೆತದ್ದು ಅದು, ಬೈಸಿಕೊಳ್ಳೋದು ನಾವು

“ಪಾಸ್‌ವರ್ಡ್ ತಪ್ಪಾಗಿದೆ, ಮತ್ತೊಮ್ಮೆ ಪ್ರಯತ್ನಿಸಿ.” ಈ ಒಂದು ಸಾಲಿಗಿರೋ ಧಿಮಾಕು ಇನ್ಯಾರಿಗೂ ಇಲ್ಲ ಬಿಡಿ. ನಿನ್ನೆ ಸಂಜೆ ತನಕ ಅದೇ ಪಾಸ್‌ವರ್ಡಿಗೆ ಮೇಲ್ ಬರ್ತಿತ್ತು. ನೆನಪಿಟ್ಟುಕೋ ಅಂತ ಟಿಕ್ ಕೂಡ ಹಾಕಿದ್ದಾಗಿದೆ. ಬೆಳಗ್ಗೆ ತೆಗೆದ್ರೆ ಮತ್ತೆ ಅದೇ ಪೆಟ್ಟಿಗೆ ಎದುರಿಗೆ ನಿಂತಿರುತ್ತೆ. ಕಂಪ್ಯೂಟರ್ ಬಲ್ಲವರಿಗೆ ಹೇಳಿ ನೋಡಿ, ಮೊದಲ ಪ್ರಶ್ನೆಯೇ “ಸರಿಯಾಗಿ ಟೈಪ್ ಮಾಡಿದ್ರಾ?”

ನನ್ನ ತಕರಾರು ಈ ಪ್ರಶ್ನೆ ಮೇಲೆ. ಎಷ್ಟೋ ಸಲ ತಪ್ಪು ಟೈಪ್ ಮಾಡಿದವರದ್ದಲ್ಲ.

2020ರಲ್ಲಿ ವಿಂಡೋಸ್ 10ರ ‘2004’ ಅನ್ನೋ ಆವೃತ್ತಿ ಬಂತು. ಅದನ್ನ ಹಾಕಿಕೊಂಡ ಕೆಲವು ಕಂಪ್ಯೂಟರ್‌ಗಳಲ್ಲಿ ಔಟ್‌ಲುಕ್ ಉಳಿಸಿಟ್ಟ ಪಾಸ್‌ವರ್ಡನ್ನೇ ಮರೆಯೋಕೆ ಶುರು ಮಾಡ್ತು. ದೋಷ ವಿಂಡೋಸಿನದ್ದು ಅಂತ ಮೈಕ್ರೋಸಾಫ್ಟೇ ಒಪ್ಪಿಕೊಂಡು ಸರಿಪಡಿಸೋ ಹೊತ್ತಿಗೆ 2021 ಬಂದಿತ್ತು. ಥಂಡರ್‌ಬರ್ಡ್ ಕಥೆ ಬೇರೆ. ಅದು ಪಾಸ್‌ವರ್ಡನ್ನ ಒಂದು ಫೈಲಲ್ಲೂ ಅದರ ಬೀಗದ ಕೀಲಿಯನ್ನ ಇನ್ನೊಂದು ಫೈಲಲ್ಲೂ ಇಡುತ್ತೆ. ಕೀಲಿ ಫೈಲ್ ಕೆಟ್ಟರೆ ಪಾಸ್‌ವರ್ಡ್ ಅಲ್ಲೇ ಇದ್ದರೂ ಅದಕ್ಕೆ ಓದೋಕಾಗಲ್ಲ.

ಇನ್ನು ಬಾಗಿಲು ಕಾಯೋರ ಕಥೆ. 2022ರ ಮೇ 30ರಿಂದ ಗೂಗಲ್, ಬರೀ ಹೆಸರು-ಪಾಸ್‌ವರ್ಡ್ ಕೊಟ್ಟು ಜಿಮೇಲ್ ತೆಗೆಯೋ ಹಳೇ ಪ್ರೋಗ್ರಾಂಗಳನ್ನ ಹೊರಗಿಡೋಕೆ ಶುರು ಮಾಡಿತು. ಮೈಕ್ರೋಸಾಫ್ಟ್ ಅದೇ ವರ್ಷ ಅಕ್ಟೋಬರಿಂದ ಕಂಪನಿ ಖಾತೆಗಳಿಗೆ, 2024ರ ಸೆಪ್ಟೆಂಬರ್ 16ರಿಂದ ಔಟ್‌ಲುಕ್ ಡಾಟ್ ಕಾಮ್‌ನ ಸ್ವಂತ ಖಾತೆಗಳಿಗೆ ಇದೇ ನಿಯಮ ತಂದಿತು. ನಿಯಮ ಒಳ್ಳೇದೇ, ಕದ್ದ ಪಾಸ್‌ವರ್ಡ್ ಹಿಡಿದು ಒಳಗೆ ನುಗ್ಗೋರು ಕಮ್ಮಿ ಇಲ್ಲ. ಆದರೆ ಬೀಗ ಬದಲಾಯಿಸಿದವರು ಅವರು, “ನಿನ್ನ ಕೀ ಸರಿಯಿಲ್ಲ” ಅಂತ ಅನ್ನಿಸಿಕೊಳ್ಳೋರು ನಾವು. ಇದ್ಯಾವ ನ್ಯಾಯ ಸ್ವಾಮಿ?

ಬಸರಾಳಿನಂಥ ಹೋಬಳಿ ಊರಲ್ಲಿ ಈ ಸುಳ್ಳಿನ ಬೆಲೆ ಜಾಸ್ತಿ. ಪಿಎಫ್, ಪರೀಕ್ಷೆ ಅರ್ಜಿ, ಬ್ಯಾಂಕ್ ಸ್ಟೇಟ್‌ಮೆಂಟ್, ಮಗನ ಕೆಲಸದ ಆರ್ಡರ್ ಎಲ್ಲಾ ಆ ಒಂದು ಮೇಲ್ ಐಡಿಗೇ ಬರಬೇಕು. ಐಡಿ ಮಾಡಿಕೊಟ್ಟವನು ಜೆರಾಕ್ಸ್ ಅಂಗಡಿ ಹುಡುಗ, ಅದಕ್ಕೆ ಕೊಟ್ಟ ಮೊಬೈಲ್ ನಂಬರ್ ರೀಚಾರ್ಜ್ ಇಲ್ಲದೆ ಸತ್ತು ವರ್ಷವಾಗಿರುತ್ತೆ. ‘ಪಾಸ್‌ವರ್ಡ್ ತಪ್ಪು’ ಅಂದದ್ದನ್ನ ನಂಬಿ ಬದಲಾಯಿಸೋಕೆ ಹೋದ್ರೆ ಓಟಿಪಿ ಆ ಸತ್ತ ನಂಬರಿಗೇ ಹೋಗುತ್ತೆ. ಕೊನೆಗೆ ಹೊಸ ಐಡಿ. ಹಳೇದರಲ್ಲಿದ್ದ ಕಾಗದ ಪತ್ರ ಗೋವಿಂದ! “ನಂಗೇ ಮರ್ತೋಗದೆ ಕಣಪ್ಪ, ನಮ್ಮಂತೋರ್ಗೆಲ್ಲಿ ಇವೆಲ್ಲಾ” ಅಂತಾರೆ. ಯಾವ ವರ್ಷ ಎಷ್ಟು ಲೋಡ್ ಕಬ್ಬು ಹೋಯ್ತು, ತೂಕ ಎಷ್ಟು ಬಂತು ಅಂತ ಚೀಟಿ ಇಲ್ಲದೆ ಹೇಳೋ ಮನುಷ್ಯ ಅದು! ಆತನಿಗೆ ಮರೆವು ಅಂತ ಒಂದು ಪ್ರೋಗ್ರಾಂ ತೀರ್ಪು ಕೊಡುತ್ತೆ, ಆತ ನಂಬ್ತಾನೆ. ನನಗೆ ಸಿಟ್ಟು ಬರೋದು ಇಲ್ಲಿಗೆ.

ನಿಜವಾದ ಕಾರಣ ಪ್ರೋಗ್ರಾಂಗೆ ಗೊತ್ತೇ ಆಗಲ್ಲ ಅನ್ನಬೇಡಿ. ಐಮ್ಯಾಪ್‌ನಲ್ಲಿ ಗುರುತು ಹೊಂದಲಿಲ್ಲ, ಅವಧಿ ಮುಗಿದಿದೆ, ಸರ್ವರ್ರೇ ಸದ್ಯಕ್ಕೆ ಸಿಗ್ತಿಲ್ಲ ಅಂತ ಬೇರೆ ಬೇರೆಯಾಗಿ ಹೇಳೋಕೆ 2009ರಿಂದಲೇ ಸಂಕೇತಗಳಿವೆ. ಸರ್ವರ್ ಕಾರಣ ಹೇಳಿ ಕಳಿಸಿದರೂ ಎಷ್ಟೋ ಪ್ರೋಗ್ರಾಂಗಳು ಅದನ್ನ ನುಂಗಿ ಒಂದೇ ಪೆಟ್ಟಿಗೆ ತೋರಿಸ್ತವೆ. ಕಾರಣ ಬಿಡಿಸಿ ಹೇಳಿದ್ರೆ ಕಳ್ಳನಿಗೆ ಅನುಕೂಲ ಅಂತ ನಮ್ಮ ಕಸುಬಿನವರು ವಾದಿಸ್ತಾರೆ. ಹೆಸರು ತಪ್ಪೋ ಪಾಸ್‌ವರ್ಡ್ ತಪ್ಪೋ ಅಂತ ಬಿಡಿಸಿ ಹೇಳಬೇಡಿ, ಒಪ್ಪೋಣ. “ನಾವು ನಿಯಮ ಬದಲಾಯಿಸಿದ್ದೀವಿ” ಅಂದ್ರೆ ಕಳ್ಳನಿಗೇನು ಸಿಕ್ಕಂಗಾಯ್ತು? ಅದನ್ನ ಕನ್ನಡದಲ್ಲಿ ಎರಡು ಸಾಲು ಬರೆಯೋಕೆ ಏನು ಕಷ್ಟ?

ಅಲ್ಲೀತನಕ ಓದುಗರು ಇಷ್ಟು ಮಾಡಿ. ಪೆಟ್ಟಿಗೆ ಬಂದ ಕೂಡಲೇ ಪಾಸ್‌ವರ್ಡ್ ಬದಲಾಯಿಸಬೇಡಿ. ಮೊದಲು ಬ್ರೌಸರಲ್ಲಿ ಅದೇ ಪಾಸ್‌ವರ್ಡ್ ಹಾಕಿ ನೋಡಿ. ಅಲ್ಲಿ ತೆರೆದರೆ ಪಾಸ್‌ವರ್ಡ್ ಸರಿಯಿದೆ, ನಿಮ್ಮ ನೆನಪೂ ಸರಿಯಿದೆ. ಔಟ್‌ಲುಕ್ ಆದ್ರೆ ವಿಂಡೋಸಿನ ಕ್ರೆಡೆನ್ಷಿಯಲ್ ಮ್ಯಾನೇಜರಲ್ಲಿ ಆ ಖಾತೆಯ ಹಳೇ ನಮೂದು ಅಳಿಸಿ ಮತ್ತೆ ಲಾಗಿನ್ ಆಗಿ. ಥಂಡರ್‌ಬರ್ಡಲ್ಲಿ ಜಿಮೇಲ್ ಇದ್ರೆ ದೃಢೀಕರಣ ವಿಧಾನವನ್ನ ಓಆತ್2ಕ್ಕೆ ಬದಲಿಸಿ, ಕುಕೀಗೆ ಅನುಮತಿ ಇದೆಯಾ ನೋಡಿಕೊಳ್ಳಿ. ಹಳೇ ಪ್ರೋಗ್ರಾಂ ಬಿಡೋಕಾಗಲ್ಲ ಅಂದ್ರೆ, ಎರಡು ಹಂತದ ಪರಿಶೀಲನೆ ಹಾಕಿಸಿ ಗೂಗಲ್ ಕೊಡೋ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಬಳಸಿ. ಖಾತೆಗೆ ಜೋಡಿಸಿರೋ ಮೊಬೈಲ್ ನಂಬರ್ ಇನ್ನೂ ಜೀವಂತ ಇದೆಯಾ ಅಂತ ಇವತ್ತೇ ನೋಡಿ. ಆಮೇಲೆ “ಸರಿಯಾಗಿ ಟೈಪ್ ಮಾಡಿದ್ರಾ” ಅಂತ ಯಾರಾದ್ರೂ ಕೇಳಿದ್ರೆ, “ಮಾಡಿದ್ದೆ ಕಣಪ್ಪ, ನಿನ್ ಪ್ರೋಗ್ರಾಂನ ಕೇಳು” ಅನ್ನಿ.