ಒಂದು ಸಹಿಗೆ ಸರ್ಕಾರ ಉರುಳಬಹುದೇ?

ಪ್ರಶ್ನೆ: ರಾಷ್ಟ್ರಪತಿ ಆಳ್ವಿಕೆ ಹೇರಲು ಅವಕಾಶ ಕೊಡುವ ಸಂವಿಧಾನದ 356ನೇ ವಿಧಿಯನ್ನು ರದ್ದು ಮಾಡಬೇಕೆ?

ಪರ

ಎಸ್.ಆರ್. ಬೊಮ್ಮಾಯಿಯವರನ್ನು ಕುಂದಗೋಳ ಮತ್ತು ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರಗಳ ಜನ ಬೇರೆಬೇರೆ ಕಾಲದಲ್ಲಿ ಆರಿಸಿ ಕಳಿಸಿದ್ದರು. 1988ರ ಆಗಸ್ಟ್‌ನಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾದ ಅವರು 1989ರ ಏಪ್ರಿಲ್ 21ರಂದು ವಜಾ ಆದರು. ಸದನದಲ್ಲಿ ಸೋತಿರಲಿಲ್ಲ. 19 ಶಾಸಕರು ಬೆಂಬಲ ಹಿಂತೆಗೆದಿದ್ದಾರೆಂದು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ದೆಹಲಿಗೆ ವರದಿ ಬರೆದರು. ಅವರಲ್ಲಿ ಏಳು ಮಂದಿ ತಮ್ಮ ಸಹಿಯನ್ನು ದಾರಿ ತಪ್ಪಿಸಿ ಪಡೆಯಲಾಗಿದೆ ಎಂದು ತಿರುಗಿ ನಿಂತರು. ಸದನ ಕರೆಯಿರಿ, ಬಹುಮತ ತೋರಿಸುತ್ತೇನೆ ಎಂದು ಬೊಮ್ಮಾಯಿ ಕೇಳಿದರೂ ಅವಕಾಶ ಸಿಗಲಿಲ್ಲ.

ಇಲ್ಲಿ ಯಾವ ಸಂಸ್ಥೆ ಮುರಿದುಬಿದ್ದಿತ್ತು? ಯಾವುದೂ ಇಲ್ಲ. ರಾಜ್ಯಪಾಲರ ವರದಿ ಇತ್ತು, ಕೇಂದ್ರ ಸಂಪುಟದ ಸಲಹೆ ಇತ್ತು, ರಾಷ್ಟ್ರಪತಿ ಆರ್. ವೆಂಕಟರಾಮನ್ ಅವರ ಸಹಿಯೂ ಇತ್ತು. ಎಲ್ಲವೂ ಕ್ರಮಬದ್ಧ, ಮತದಾರನೊಬ್ಬನೇ ಹೊರಗೆ. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಗೆ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಸಹಿ ಹಾಕಿದಾಗ ಸಂಪುಟ ಸಭೆಯೇ ಸೇರಿರಲಿಲ್ಲ. ಒಪ್ಪಿಗೆ ಮರುದಿನ ಬೆಳಿಗ್ಗೆ ಬಂತು. 1933ರಲ್ಲಿ ಜರ್ಮನಿಯ ಅಧ್ಯಕ್ಷ ಹಿಂಡನ್‌ಬರ್ಗ್ ನಾಗರಿಕ ಹಕ್ಕುಗಳನ್ನು ಅಮಾನತಿನಲ್ಲಿಟ್ಟದ್ದೂ ಅಲ್ಲಿನ ಸಂವಿಧಾನದ ವಿಧಿಯೊಂದರ ಬಲದಿಂದಲೇ. ಸರ್ವಾಧಿಕಾರಕ್ಕೆ ಕಾನೂನಿನ ಉಡುಪು ಬಹಳ ಇಷ್ಟ.

ಸರ್ಕಾರ ತಪ್ಪು ಮಾಡಿದರೆ? ಉತ್ತರ ನವಲಗುಂದದಲ್ಲಿದೆ. ಮಲಪ್ರಭಾ ಅಚ್ಚುಕಟ್ಟಿನ ಕರಭಾರದ ವಿರುದ್ಧ ಎದ್ದ ರೈತರ ಮೇಲೆ 1980ರ ಜುಲೈ 21ರಂದು ಗುಂಡು ಹಾರಿತು. ಆಗಿನ ಮುಖ್ಯಮಂತ್ರಿ ಗುಂಡೂರಾವ್ ಅವರ ಸರ್ಕಾರವನ್ನು ಯಾವ ರಾಷ್ಟ್ರಪತಿಯೂ ವಜಾ ಮಾಡಲಿಲ್ಲ. 1983ರಲ್ಲಿ ಮತಪೆಟ್ಟಿಗೆಯೇ ಅದನ್ನು ಇಳಿಸಿತು.

1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬೊಮ್ಮಾಯಿ ಸರ್ಕಾರದ ವಜಾ ಅಸಾಂವಿಧಾನಿಕ ಎಂದಿತು. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು, 1989ರಲ್ಲೇ ಹೊಸ ಚುನಾವಣೆ ಮುಗಿದಿತ್ತು. ತಡವಾದ ನ್ಯಾಯವನ್ನು ನಂಬಿ ಈ ಅಸ್ತ್ರವನ್ನು ದೆಹಲಿಯ ಕೈಯಲ್ಲಿ ಬಿಡಲಾಗದು.

ವಿರೋಧ

ತೀರ್ಪು ತಡವಾಯಿತು, ನಿಜ. ಆದರೆ ಅದು ವ್ಯರ್ಥವಾಗಲಿಲ್ಲ. 1975ರ 38ನೇ ತಿದ್ದುಪಡಿ, ರಾಷ್ಟ್ರಪತಿಗೆ ಮನವರಿಕೆಯಾದರೆ ಸಾಕು, ನ್ಯಾಯಾಲಯ ಪ್ರಶ್ನಿಸಬಾರದು ಎಂದಿತ್ತು. 1978ರ 44ನೇ ತಿದ್ದುಪಡಿ ಆ ಬೇಲಿಯನ್ನು ಕಿತ್ತಿತು. ಬೊಮ್ಮಾಯಿ ತೀರ್ಪು ಇನ್ನೂ ಮುಂದೆ ಹೋಯಿತು: ಬಹುಮತ ಸಾಬೀತಾಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ, ಸಂಸತ್ತು ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸಬಾರದು. 2016ರಲ್ಲಿ ಉತ್ತರಾಖಂಡದ ಹರೀಶ್ ರಾವತ್ ಸದನದಲ್ಲೇ ಬಹುಮತ ತೋರಿಸಿ ಅಧಿಕಾರಕ್ಕೆ ಮರಳಿದರು. ಅದೇ ವರ್ಷ ಅರುಣಾಚಲದ ನಬಮ್ ತುಕಿ ಸರ್ಕಾರವನ್ನು ಸುಪ್ರೀಂ ಕೋರ್ಟ್ ಮತ್ತೆ ಸ್ಥಾಪಿಸಿತು. ಬೊಮ್ಮಾಯಿಯವರಿಗೆ ದಕ್ಕದ್ದು ಇವರಿಗೆ ದಕ್ಕಿತು.

ನವಲಗುಂದದ ರೈತರಿಗೆ 1983ರಲ್ಲಿ ಚುನಾವಣೆ ಇತ್ತು. ಸದನವನ್ನೇ ಕರೆಯದ ಮುಖ್ಯಮಂತ್ರಿ, ಸಂವಿಧಾನವನ್ನೇ ಧಿಕ್ಕರಿಸಿದ ರಾಜ್ಯ ಸರ್ಕಾರ ಬಂದರೆ ಜನ ಐದು ವರ್ಷ ಕಾಯಬೇಕೆ? 1994ರ ಪೀಠವೇ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶ ಸರ್ಕಾರಗಳ ವಜಾವನ್ನು ಎತ್ತಿಹಿಡಿಯಿತು. ಜಾತ್ಯತೀತತೆ ಸಂವಿಧಾನದ ಮೂಲ ಲಕ್ಷಣ, ಅದಕ್ಕೆ ವಿರುದ್ಧ ನಡೆದ ಸರ್ಕಾರ ಉಳಿಯುವ ಹಕ್ಕು ಕೇಳಲಾಗದು ಎಂಬುದು ಅದರ ಕಾರಣ. ಯಾರೂ ಸರ್ಕಾರ ರಚಿಸಲಾಗದಾಗಲೂ ಈ ವಿಧಿ ಬೇಕು; ಅಂಥ ಸ್ಥಿತಿಯನ್ನು 2007ರ ಕರ್ನಾಟಕ ಕಂಡಿದೆ.

ಈ ವಿಧಿ ಬಳಕೆಯಾಗದೆ ಉಳಿಯಲಿ ಎಂದು ಅಂಬೇಡ್ಕರ್ ಆಶಿಸಿದ್ದರು. ಅದು ನೂರಕ್ಕೂ ಹೆಚ್ಚು ಸಲ ಬಳಕೆಯಾಗಿದೆ. ಆ ನೋವು ನಮಗೂ ಇದೆ. ಆದ್ದರಿಂದ ವಿಧಿಯನ್ನು ಅಳಿಸುವ ಬದಲು, ವಜಾಕ್ಕೆ ಮುನ್ನ ಏಳು ದಿನದೊಳಗೆ ಬಹುಮತ ಪರೀಕ್ಷೆ ಕಡ್ಡಾಯ ಎಂದೂ, ವಜಾವನ್ನು ಪ್ರಶ್ನಿಸುವ ಅರ್ಜಿ ಮೂವತ್ತು ದಿನದೊಳಗೆ ಇತ್ಯರ್ಥವಾಗಬೇಕು ಎಂದೂ ಸಂವಿಧಾನದಲ್ಲೇ ಬರೆಯಲಿ.